ತಿಥಿ ದಿನ ಪಾಲಿನ ಮಾತು ಬೇಡ, ಮೊದಲು ಅಜ್ಜಿ ಹತ್ತಿರ ಕೂತ್ಕೊಳ್ಳಿ

ಪ್ರಶ್ನೆ: ಐದು ದಿನದ ಹಿಂದೆ ನಮ್ಮ ತಾತ ತೀರಿಕೊಂಡರು. ಸಕಲೇಶಪುರದ ಹತ್ತಿರ ನಮ್ಮ ಊರು, ಸ್ವಲ್ಪ ಕಾಫಿ ತೋಟ ಇದೆ, ತೋಟದ ಮೂಲೆಯಲ್ಲೇ ಮಣ್ಣು ಮಾಡಿದೆವು. ಅಪ್ಪ ಮತ್ತು ದೊಡ್ಡಪ್ಪ ಆರು ವರ್ಷದಿಂದ ಮಾತು ಬಿಟ್ಟಿದ್ದಾರೆ. ಹಾಲು ತುಪ್ಪದ ದಿನ ಒಂದೇ ಜಗಲಿಯಲ್ಲಿ ಆ ತುದಿಗೊಬ್ಬರು, ಈ ತುದಿಗೊಬ್ಬರು ಕೂತಿದ್ದರು. ಅಜ್ಜಿ ಒಳಗೆ ಕೂತಿದ್ದಾರೆ. ಹನ್ನೊಂದನೇ ದಿನದ ತಿಥಿಗೆ ಎಲ್ಲರೂ ಬರುತ್ತಾರಲ್ಲ, ಅವತ್ತು ರಾತ್ರಿಯೇ ಪಾಲಿನ ಮಾತು ಮುಗಿಸಿ ಇಬ್ಬರು ಅತ್ತೆಯರ ಹತ್ತಿರ ಸೈನ್ ಹಾಕಿಸ್ಕೊಂಡು ಬಿಡೋಣ ಅಂತ ಹಿರಿಯರು ಹೇಳುತ್ತಿದ್ದಾರೆ. ನನ್ನ ಆರು ವರ್ಷದ ಮಗಳಿಗೆ ತಾತ ಊರಿಗೆ ಹೋಗಿದ್ದಾರೆ ಅಂತ ಹೇಳಿದ್ದೇವೆ, ತಿಥಿಗೆ ಅವಳನ್ನು ಕರ್ಕೊಂಡು ಹೋಗಬಹುದಾ? ನನಗೆ ಇನ್ನೂ ಅಳು ಬಂದಿಲ್ಲ, ಅದನ್ನೂ ಜನ ಆಡಿಕೊಳ್ಳುತ್ತಿದ್ದಾರೆ. ಏನು ಮಾಡಲಿ?
(ಹಾಸನ ಜಿಲ್ಲೆಯ ಓದುಗರು)

ಉತ್ತರ (ಆಪ್ತ ಸಮಾಲೋಚಕಿ):

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಷ್ಟು ಉದ್ದದ ಪತ್ರದಲ್ಲಿ ಅಜ್ಜಿ ಬರುವುದು ಒಂದೇ ಕಡೆ, ‘ಅಜ್ಜಿ ಒಳಗೆ ಕೂತಿದ್ದಾರೆ’ ಅಂತ. ಅಲ್ಲಿಂದಲೇ ಶುರು ಮಾಡೋಣ.

ನಮ್ಮ ಅಜ್ಜ ಹೋದಾಗ ನಾನು ಇನ್ನೂ ಕಾಲೇಜಿನಲ್ಲಿದ್ದೆ. ನಾಲ್ಕನೇ ದಿನ ಬೆಳಗ್ಗೆ ಅಜ್ಜಿ ಎಂದಿನಂತೆ ಎರಡು ಲೋಟಕ್ಕೆ ಕಾಫಿ ಸೋಸಿ, ಒಂದನ್ನು ಸೆರಗಿನಲ್ಲಿ ಹಿಡ್ಕೊಂಡು ಜಗಲಿವರೆಗೂ ಬಂದು, ಖಾಲಿ ಕುರ್ಚಿ ನೋಡಿ ಹಾಗೇ ನಿಂತುಬಿಟ್ಟರು. ಮನೆ ತುಂಬಾ ಜನ. ಯಾರೂ ಗಮನಿಸಲಿಲ್ಲ. ಒಬ್ಬರು ಶಾಮಿಯಾನದವನ ಜೊತೆ ಫೋನಿನಲ್ಲಿದ್ದರು, ಇನ್ನೊಬ್ಬರು ಅಡುಗೆಯವರಿಗೆ ಕೊಡುವ ಪಟ್ಟಿ ಬರೆಯುತ್ತಿದ್ದರು. ನಾನು ಆ ಲೋಟ ಈಸ್ಕೊಂಡು ಅವರ ಎದುರೇ ಕೂತು ಕುಡಿದೆ. ಏನೂ ಮಾತಾಡಲಿಲ್ಲ. ಸುಮ್ನೆ ಕೂತಿದ್ದೆ, ಅಷ್ಟೇ. ನಿಮ್ಮ ಕೈಲಾಗುವ ದೊಡ್ಡ ಕೆಲಸ ಇದೇ. ಊಟ ಮಾಡಿದ್ರಾ, ರಾತ್ರಿ ನಿದ್ದೆ ಬಂತಾ, ಬಿಪಿ ಮಾತ್ರೆ ತಗೊಂಡ್ರಾ ಅಂತ ದಿನಾ ಕೇಳುವವರು ಆ ಮನೆಯಲ್ಲಿ ಒಬ್ಬರಾದರೂ ಇರಬೇಕು.

ಇನ್ನೊಂದು ವಿಷಯ. ಬಳೆ ತೆಗೆಯುವುದು, ಕುಂಕುಮ ಅಳಿಸುವುದು ಕೆಲವು ಮನೆಗಳಲ್ಲಿ ಇನ್ನೂ ನಡೆಯುತ್ತದೆ. ನಿಮ್ಮ ಮನೆಯಲ್ಲೂ ಆ ಮಾತು ಬಂದರೆ ಅಜ್ಜಿಗೆ ಅದು ಬೇಕಾ, ಬೇಡವಾ ಅಂತ ಅವರೊಬ್ಬರೇ ಇರುವಾಗ ಮೊದಲೇ ಕೇಳಿ. ಬೇಡ ಅಂದರೆ ಅತ್ತೆಯರನ್ನು ಜೊತೆಗೆ ಕರ್ಕೊಂಡು ನೀವು ಅಡ್ಡ ನಿಲ್ಲಿ. ಜನ ಸೇರಿದ ಮೇಲೆ, ಕೂರಿಸಿದ ಮೇಲೆ, ಪಾಪ ಅವರ ಬಾಯಿಂದ ‘ಬೇಡ’ ಅನ್ನುವ ಮಾತು ಹೊರಡುವುದಿಲ್ಲ.

ಈಗ ಪಾಲಿನ ವಿಷಯ. ತಿಥಿ ರಾತ್ರಿ ಸೈನ್ ಹಾಕಿಸ್ಕೊಳ್ಳುವುದು ಖಂಡಿತ ಬೇಡ. ಎಲ್ಲರೂ ನಿದ್ದೆಗೆಟ್ಟಿರುತ್ತಾರೆ, ಅಪ್ಪನನ್ನು ಕಳೆದುಕೊಂಡ ಹೆಣ್ಣುಮಕ್ಕಳು ಆ ಹೊತ್ತಿನಲ್ಲಿ ಯಾವ ಕಾಗದ ಕೊಟ್ಟರೂ ‘ಹೋಗಲಿ ಬಿಡು’ ಅಂತ ಸೈನ್ ಹಾಕುತ್ತಾರೆ, ಆಮೇಲೆ ಅದೇ ಕೊರಗು ಇಪ್ಪತ್ತು ವರ್ಷ ಇರುತ್ತದೆ. ಕಾನೂನೂ ಅಷ್ಟು ಸಲೀಸಾಗಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿದೆ. ತಾತ ಸ್ವಂತ ದುಡಿಮೆಯಲ್ಲಿ ಮಾಡಿದ ಆಸ್ತಿಗೆ ವಿಲ್ ಬರೆದಿಲ್ಲ ಅಂದರೆ ಗಂಡುಮಕ್ಕಳು, ಹೆಣ್ಣುಮಕ್ಕಳ ಜೊತೆಗೆ ಅಜ್ಜಿಗೂ ಒಂದು ಸಮಪಾಲು ಇದೆ. ಇದನ್ನು ಎಲ್ಲರೂ ಮರೆಯುತ್ತಾರೆ! ಜಮೀನಿನ ಹಕ್ಕು ಬಿಡುಗಡೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು, ಜಗಲಿ ಮೇಲೆ ಬಿಳಿ ಹಾಳೆಗೆ ಹಾಕಿಸಿಕೊಂಡ ಸೈನ್ ಜಗಳಕ್ಕೆ ದಾರಿ ಅಷ್ಟೇ. ‘ಒಂದೆರಡು ತಿಂಗಳು ಬಿಟ್ಟು ವಕೀಲರೊಬ್ಬರ ಎದುರು ಕೂತು ಮಾತಾಡೋಣ, ಅಜ್ಜಿಯೂ ಇರಲಿ’ ಅಂತ ಅಪ್ಪನಿಗೆ ಈಗಲೇ ಹೇಳಿ. ತಿಥಿ ದಿನ ಹೇಳಬೇಡಿ.

ಕಾಗದದ ಕೆಲಸ ಒಂದೇ ಒಂದು ತುರ್ತಿದೆ, ಮರಣ ನೋಂದಣಿ. 21 ದಿನದೊಳಗೆ ತಿಳಿಸಿದರೆ ತಡದ ಶುಲ್ಕ ಇಲ್ಲ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ತರಬೇಕಾಗುತ್ತದೆ. ಸರ್ಟಿಫಿಕೇಟಿನಲ್ಲಿ ತಾತನ ಹೆಸರು ಪಹಣಿಯಲ್ಲಿ ಇರುವ ಹಾಗೇ ಇದೆಯಾ ನೋಡಿ. ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಹೋದಾಗ ಒಂದಕ್ಷರ ಹೆಚ್ಚುಕಮ್ಮಿ ಆಗಿದ್ದಕ್ಕೆ ತಿಂಗಳುಗಟ್ಟಲೆ ಅಲೆದವರನ್ನು ನಾನು ನೋಡಿದ್ದೇನೆ.

ಅಪ್ಪ ಮತ್ತು ದೊಡ್ಡಪ್ಪನನ್ನು ಈ ವಾರದಲ್ಲೇ ಒಂದು ಮಾಡಿಸಬೇಕು ಅಂತ ಹೊರಡಬೇಡಿ. ‘ತಾತನ ಆತ್ಮಕ್ಕಾದರೂ ಮಾತಾಡಿ’ ಅಂತ ಅಳುವುದು, ಕೈ ಹಿಡಿದು ಎಳೆಯುವುದು ಯಾವುದೂ ಬೇಡ. ಆದರೆ ಒಂದು ಸಣ್ಣ ಅವಕಾಶ ಇದೆ. ಎಡೆಗೆ ತಾತನಿಗೆ ಇಷ್ಟವಾದದ್ದನ್ನೆಲ್ಲ ಇಡುತ್ತೀರಲ್ವಾ? ಹಿಂದಿನ ರಾತ್ರಿ ಇಬ್ಬರೂ ಮನೆಯಲ್ಲಿ ಇರುವಾಗ, ಎಡೆಗೆ ಏನೇನು ಮಾಡಬೇಕು ಅಂತ ಇಬ್ಬರಿಗೂ ಕೇಳುವ ಹಾಗೆ ಕೇಳಿ. ಕಡುಬಿಗೆ ಯಾವ ಸಾರು, ಯಾವ ಬ್ರ್ಯಾಂಡ್ ಬೀಡಿ, ಎಲೆ ಅಡಿಕೆಗೆ ಹೊಗೆಸೊಪ್ಪು ಇರಬೇಕಾ ಬೇಡವಾ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ‘ಅದಲ್ಲ, ಇದು’ ಅಂತ ತಿದ್ದಿದರೂ ಸಾಕು. ಆರು ವರ್ಷದ ಮೇಲೆ ಆಡಿದ ಮಾತು ಅದು. ಅಲ್ಲಿಗೇ ಬಿಟ್ಟುಬಿಡಿ, ಮುಂದಕ್ಕೆ ಎಳೆಯಬೇಡಿ.

ಮಗಳನ್ನು ಖಂಡಿತ ಕರ್ಕೊಂಡು ಹೋಗಿ. ಆದರೆ ಅದಕ್ಕೆ ಮುಂಚೆ ‘ಊರಿಗೆ ಹೋಗಿದ್ದಾರೆ’ ಅನ್ನುವುದನ್ನು ಸರಿಮಾಡಿ. ಊರಿಗೆ ಹೋದವರು ವಾಪಸ್ ಬರುತ್ತಾರೆ, ಮಗು ಕಾಯುತ್ತದೆ. ನಾಳೆ ನೀವು ಎಲ್ಲಿಗೋ ಹೊರಟಾಗ ನೀವೂ ಬರುವುದಿಲ್ಲವೇನೋ ಅಂತ ಹೆದರುತ್ತದೆ. ‘ತಾತ ಸತ್ತುಹೋದರು. ಅವರ ಉಸಿರು ನಿಂತುಹೋಯಿತು, ಇನ್ನು ಬರಲ್ಲ. ನಮಗೆಲ್ಲ ತುಂಬಾ ಬೇಜಾರಾಗಿದೆ’ ಅಂತ ನೇರವಾಗಿ ಹೇಳಿ. ಅದೇ ಪ್ರಶ್ನೆ ಹತ್ತು ಸಲ ಕೇಳಬಹುದು, ಹತ್ತು ಸಲವೂ ಅದೇ ಉತ್ತರ ಕೊಡಿ. ತಾನು ಗಲಾಟೆ ಮಾಡಿದ್ದಕ್ಕೆ ಹೀಗಾಯ್ತು ಅಂತ ಚಿಕ್ಕ ಮಕ್ಕಳು ಅಂದುಕೊಳ್ಳುವುದುಂಟು, ಹಾಗಲ್ಲ ಅಂತ ನೀವೇ ಹೇಳಿಬಿಡಿ. ಎಡೆಗೆ ಹೂವು ಇಡುವ ಕೆಲಸ ಕೊಡಿ, ಬೇಡ ಅಂದರೆ ಬಲವಂತ ಬೇಡ.

ಅಳು ಬರದಿದ್ದಕ್ಕೆ ನಿಮ್ಮಲ್ಲಿ ಏನೂ ತಪ್ಪಿಲ್ಲ. ಕೆಲವರಿಗೆ ಮಣ್ಣಿನ ದಿನ ಬರುತ್ತದೆ, ಕೆಲವರಿಗೆ ಮೂರು ತಿಂಗಳ ಮೇಲೆ ಬಸ್ಸಿನಲ್ಲಿ ಬರುತ್ತದೆ. ಆಡಿಕೊಳ್ಳುವವರು ಆಡಿಕೊಳ್ಳಲಿ.

ಕೊನೆಗೆ, ತೋಟದ ಆ ಮೂಲೆ. ಮುಂದೆ ಪಾಲಾಗುವಾಗ ಸಮಾಧಿ ಇರುವ ಜಾಗ ಯಾರ ಪಾಲಿಗೆ ಬಂದರೂ ಅಲ್ಲಿಗೆ ಎಲ್ಲರೂ ಹೋಗಿ ಬರುವಷ್ಟು ದಾರಿಯನ್ನು ವಿಭಾಗ ಪತ್ರದಲ್ಲೇ ಬರೆಸಿ. ಬೇಲಿ ಬಿದ್ದ ಮೇಲೆ ಕೇಳುವುದು ಕಷ್ಟ. ಎಷ್ಟು ಅಗಲ ಬೇಕು, ಮನೆಯಿಂದ ಯಾವ ಕಡೆಯಿಂದ ಹೋದರೆ ಕಾಲಿಗೆ ಸುಲಭ, ಇದನ್ನು ಅಜ್ಜಿ ಹತ್ತಿರ ಕೇಳಿ. ಸಂಜೆ ದೀಪ ಹಚ್ಚೋಕೆ ನಡೆದು ಹೋಗುವವರು ಅವರೇ.