ಹಳೆಯ ಎರಡು ಬಾಗಿಲಿನ ಕಾರು, ಮನೆಯಲ್ಲೇ ದುರಸ್ತಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ತಾತನ ಕಾಲದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಹತ್ತು ವರ್ಷಕ್ಕೂ ಮೇಲೆ ಶೆಡ್ಡಿನಲ್ಲೇ ನಿಂತಿದೆ. ಹೊಸ ಬ್ಯಾಟರಿ ತಂದಿದ್ದೇನೆ. ಹಾಕಿ ಸ್ಟಾರ್ಟ್ ಮಾಡಬಹುದೇ? ಮೊದಲು ಪೇಂಟ್ ಮಾಡಿಸೋಣ ಎಂದು ಮನೆಯವರ ಒತ್ತಾಯವೂ ಇದೆ.
– ವಿದ್ಯಾನಗರ, ದಾವಣಗೆರೆ

ಎರಡೂ ಬೇಡ. ಬ್ಯಾಟರಿ ಪಕ್ಕಕ್ಕಿರಲಿ, ಪೇಂಟ್ ಕಟ್ಟಕಡೆಗೆ ಇರಲಿ. ಬಣ್ಣ ಬಳಿದ ಮೇಲೆ ಚಾಸಿಗೆ ವೆಲ್ಡಿಂಗ್ ಬೇಕೆಂದು ಗೊತ್ತಾದರೆ ಬಣ್ಣದ ದುಡ್ಡು ನೀರಿಗೆ ಬಿದ್ದಂತೆ. ಬ್ರೇಕ್, ಸ್ಟಿಯರಿಂಗ್, ಚಾಸಿ, ಎಂಜಿನ್, ಆಮೇಲೆ ವೈರಿಂಗ್, ಕೊನೆಗೆ ಬಣ್ಣ. ಈ ಕ್ರಮವನ್ನು ಬದಲಿಸಬೇಡಿ.

ನಿಮ್ಮ ಕಾರು ಒಳ್ಳೆಯ ಮನೆತನದ್ದು. ಬ್ರಿಟನ್ನಿನಲ್ಲಿ 1959ರಲ್ಲಿ ಬಂದ ಟ್ರಯಂಫ್ ಹೆರಾಲ್ಡನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿ 1961ರಿಂದ ಇಲ್ಲಿ ತಯಾರಿಸಿತು. ಮೈಯ ರೂಪ ಇಟಲಿಯ ಮಿಚೆಲೊಟ್ಟಿಯದು. ಹೆರಾಲ್ಡ್ ಕೂಪೆ, ಸ್ಪಿಟ್‌ಫೈರ್, ಜಿಟಿ6 ಕೂಪೆ ಎಲ್ಲವೂ ಇದೇ ಚಾಸಿಯ ವಂಶಕ್ಕೆ ಸೇರಿದವು. ಹಾಗಾಗಿ ಆ ಸ್ಪೋರ್ಟ್ಸ್ ಕಾರುಗಳಿಗೆಂದು ವಿದೇಶದಲ್ಲಿ ಈಗಲೂ ಸಿಗುವ ಎಷ್ಟೋ ಬಿಡಿಭಾಗ ಇದಕ್ಕೂ ಕೂರುತ್ತದೆ. ಹಳೆಯ ಭಾಗವನ್ನು ಅಳೆದು, ಹೋಲಿಸಿ ನೋಡಿಯೇ ತರಿಸಿ.

ಇನ್ನು ನೀವು ಕೇಳಿದ ಎಂಜಿನ್ ವಿಷಯ. ಇಷ್ಟು ವರ್ಷ ನಿಂತ ಸಿಲಿಂಡರಿನಲ್ಲಿ ಪಿಸ್ಟನ್ ರಿಂಗ್ ತುಕ್ಕು ಹಿಡಿದು ಗೋಡೆಗೆ ಅಂಟಿರಬಹುದು. ಸ್ಟಾರ್ಟರ್ ಬಲವಂತವಾಗಿ ತಿರುಗಿಸಿದರೆ ರಿಂಗ್ ಮುರಿಯುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮಪಾಲು ಬೆರೆಸಿ ಒಂದೊಂದು ಸಿಲಿಂಡರಿಗೆ ಎರಡು ಚಮಚ ಬಿಡಿ. ಮೂರು ದಿನ ಹಾಗೇ ಇರಲಿ. ಆಮೇಲೆ ನಾಲ್ಕನೇ ಗೇರಿಗೆ ಹಾಕಿ, ಪ್ಲಗ್ ಇಲ್ಲದೆಯೇ, ಕಾರನ್ನು ಮೆಲ್ಲಗೆ ಹಿಂದೆ ಮುಂದೆ ತಳ್ಳಿ. ಫ್ಯಾನ್ ತಿರುಗಿದರೆ ಎಂಜಿನ್ ಬಿಟ್ಟಿದೆ ಎಂದರ್ಥ. ತಿರುಗದಿದ್ದರೆ ಮತ್ತೆ ಎಣ್ಣೆ ಬಿಟ್ಟು ಒಂದು ವಾರ ಕಾಯಿರಿ. ಉದ್ದನೆಯ ಪೈಪ್ ಹಾಕಿ ಪುಲ್ಲಿ ನಟ್ಟನ್ನು ತಿರುಚಲು ಹೋಗಬೇಡಿ.

ಎಂಜಿನ್ ಬಿಟ್ಟ ಮೇಲೆ ಹಳೆಯ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ. 20ಡಬ್ಲ್ಯು-50 ಮಿನರಲ್ ಆಯಿಲ್ ಸಾಕು, ಸುಮಾರು 4 ಲೀಟರ್ ಹಿಡಿಯುತ್ತದೆ. ಡಿಪ್‌ಸ್ಟಿಕ್ ನೋಡಿ ತುಂಬಿ. ರಾಕರ್ ಮುಚ್ಚಳ ತೆಗೆದು ಮೇಲಿಂದಲೂ ಸ್ವಲ್ಪ ಸುರಿಯಿರಿ. ಬ್ಯಾಟರಿಯ ಸರದಿ ಈಗ. ಆದರೆ ಆ ಕಾಲದ ಟ್ರಯಂಫ್ ಕಾರುಗಳಲ್ಲಿ ಬಹಳಷ್ಟಕ್ಕೆ ಪಾಸಿಟಿವ್ ತುದಿಯೇ ಅರ್ಥ್. ಮೈಗೆ ಬಿಗಿದ ದಪ್ಪ ವೈರು ಯಾವ ತುದಿಗೆ ಹೋಗುತ್ತಿತ್ತು ಎಂದು ಹಳೆಯ ಕ್ಲಾಂಪ್ ನೋಡಿ ಖಚಿತಪಡಿಸಿಕೊಳ್ಳಿ. ಪಾಸಿಟಿವ್ ಕ್ಲಾಂಪಿನ ತೂತು ದೊಡ್ಡದಿರುತ್ತದೆ. ಪ್ಲಗ್ ಇಲ್ಲದೆ, ಆಯಿಲ್ ಪ್ರೆಶರ್ ದೀಪ ಆರುವವರೆಗೆ, ಹತ್ತು ಹತ್ತು ಸೆಕೆಂಡ್ ಬಿಟ್ಟು ಬಿಟ್ಟು ಕ್ರ್ಯಾಂಕ್ ಮಾಡಿ. ಪಾಯಿಂಟ್ ಗ್ಯಾಪ್ 0.38 ಮಿ.ಮೀ., ಪ್ಲಗ್ ಗ್ಯಾಪ್ 0.64 ಮಿ.ಮೀ., ಫೈರಿಂಗ್ ಕ್ರಮ 1-3-4-2. ಟ್ಯಾಪೆಟ್ ಗ್ಯಾಪ್ ತಣ್ಣಗಿರುವಾಗ 0.25 ಮಿ.ಮೀ. ಅದಕ್ಕೊಂದು ಸುಲಭ ಲೆಕ್ಕವಿದೆ: ಮುಂದಿನಿಂದ ಎಣಿಸಿದರೆ 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದನ್ನು ಹೊಂದಿಸಿ, 6 ತೆರೆದಾಗ 3ನ್ನು. ಎರಡರ ಮೊತ್ತ ಯಾವಾಗಲೂ 9 ಬರಬೇಕು.

ಒಂದು ಪರೀಕ್ಷೆಯನ್ನು ಮಾತ್ರ ಖಂಡಿತ ಬಿಡಬೇಡಿ. ಒಬ್ಬರು ಕ್ಲಚ್ ಒತ್ತಿ ಬಿಡುತ್ತಿರಲಿ, ಇನ್ನೊಬ್ಬರು ಮುಂದಿನ ಕ್ರ್ಯಾಂಕ್ ಪುಲ್ಲಿಯನ್ನು ನೋಡಲಿ. ಪುಲ್ಲಿ ಹಿಂದೆ ಮುಂದೆ ಆಡುವುದು ಕಣ್ಣಿಗೆ ಕಂಡರೆ, ಕ್ರ್ಯಾಂಕ್ ಹಾಗೆ ಜಾರದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದಿದೆ. ಈ ಎಂಜಿನ್ನಿನ ಹುಟ್ಟು ದೌರ್ಬಲ್ಯ ಅದೇ. ವಾಷರ್ ಪೂರ್ತಿ ಸವೆದು ಎಂಜಿನ್ ತಳದ ಎಣ್ಣೆ ತಟ್ಟೆ, ಅಂದರೆ ಸಂಪಿನೊಳಗೆ ಬಿದ್ದರೆ ಕ್ರ್ಯಾಂಕ್ ನೇರವಾಗಿ ಬ್ಲಾಕನ್ನೇ ಕೊರೆಯುತ್ತದೆ. ಎಂಜಿನ್ ಇಳಿಸಬೇಕಾಗಿಲ್ಲ, ಸಂಪು ಮತ್ತು ಹಿಂದಿನ ಮೇನ್ ಬೇರಿಂಗ್ ಕ್ಯಾಪ್ ಬಿಚ್ಚಿ ಬದಲಿಸಬಹುದು. ಕಾಲುವೆ ಕೊರೆದ ಮುಖ ಕ್ರ್ಯಾಂಕಿನ ಕಡೆಗೇ ಇರಬೇಕು. ಆಟ 0.10ರಿಂದ 0.15 ಮಿ.ಮೀ. ಒಳಗೆ ಬಂದರೆ ಸರಿ. ಇನ್ನು ಮುಂದೆ ಸ್ಟಾರ್ಟ್ ಮಾಡುವಾಗ ನ್ಯೂಟ್ರಲ್‌ನಲ್ಲಿಟ್ಟು ಕ್ಲಚ್ಚಿನಿಂದ ಕಾಲು ತೆಗೆಯಿರಿ. ಎಣ್ಣೆ ಏರುವ ಮುಂಚೆ ಆ ವಾಷರಿನ ಮೇಲೆ ಭಾರ ಬೀಳುವುದಿಲ್ಲ.

ಎಂಜಿನ್ ಓಡಿತೆಂದು ಕಾರನ್ನು ರಸ್ತೆಗೆ ತರಬೇಡಿ. ನಾಲ್ಕೂ ಡ್ರಮ್ ಬಿಚ್ಚಿ ವೀಲ್ ಸಿಲಿಂಡರಿನ ರಬ್ಬರ್ ಕಿಟ್, ಹೋಸ್ ಪೈಪ್ ಬದಲಿಸಿ. ರಬ್ಬರನ್ನು ಪೆಟ್ರೋಲಿನಲ್ಲಿ ತೊಳೆದರೆ ಉಬ್ಬಿ ಕಚ್ಚಿಕೊಳ್ಳುತ್ತದೆ. ಹೊಸ ಬ್ರೇಕ್ ಆಯಿಲಿನಲ್ಲೇ ತೊಳೆಯಿರಿ.

ಮುಂದಿನ ಚಕ್ರದ ಬಳಿ ಕಿರ್ ಎನ್ನುತ್ತದೆ, ಸ್ಟಿಯರಿಂಗ್ ಗಟ್ಟಿ. ಮೆಕ್ಯಾನಿಕ್ ಕೆಳಗೆ ನಿಪ್ಪಲ್ ಹಾಕಿ ಪ್ರತಿ ಸರ್ವಿಸಿಗೂ ಗ್ರೀಸ್ ತುಂಬುತ್ತಾರೆ. ಆದರೂ ಸರಿಹೋಗಿಲ್ಲ. ಇದೂ ಹೆರಾಲ್ಡೇ.
– ಹರಿಹರ

ಗ್ರೀಸ್ ತುಂಬುತ್ತಿರುವುದೇ ತಪ್ಪು, ಇವತ್ತೇ ನಿಲ್ಲಿಸಿ. ಜೀವಕ್ಕೇ ಕುತ್ತು ತರಬಲ್ಲ ಭಾಗ ಇದು. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಮುಂದಿನ ಚಕ್ರವನ್ನು ಹಿಡಿದಿರುವ ಉಕ್ಕಿನ ಲಂಬ ಕಡ್ಡಿಯ ಕೆಳತುದಿಯಲ್ಲಿ ಥ್ರೆಡ್ ಇದೆ. ಅದು ಟ್ರನಿಯನ್ ಎಂಬ ಕಂಚಿನ ಗುಂಡಿಯೊಳಗೆ ಸ್ಕ್ರೂ ಆಗಿರುತ್ತದೆ. ನೀವು ಸ್ಟಿಯರಿಂಗ್ ತಿರುಗಿಸಿದಾಗ ಈ ಥ್ರೆಡ್ಡೇ ತಿರುಗುವುದು. ಅದಕ್ಕೆ ಬೇಕಾದದ್ದು ಇಪಿ 90 ಗೇರ್ ಆಯಿಲ್. ಗ್ರೀಸ್ ಥ್ರೆಡ್ಡಿನ ಸಂದಿಗೆ ಇಳಿಯುವುದಿಲ್ಲ, ಮೇಲೆಯೇ ಒಣಗಿ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಒಳಗೆ ನುಗ್ಗಿದ ನೀರು ಹೊರಬರಲಾರದೆ ಕಡ್ಡಿಯನ್ನು ತಿನ್ನುತ್ತದೆ. ಒಂದು ದಿನ ಟ್ರನಿಯನ್ನಿನ ಬಾಯಿಯ ಬಳಿಯೇ ಕಡ್ಡಿ ತುಂಡಾಗಿ ಚಕ್ರ ಮಡಚಿಕೊಳ್ಳುತ್ತದೆ. ನಿಧಾನವಾಗಿ ಪೂರ್ತಿ ತಿರುಗಿಸಿ ಪಾರ್ಕ್ ಮಾಡುವಾಗ ಮುರಿದರೆ ಪುಣ್ಯ; ಹೆದ್ದಾರಿಯಲ್ಲಿ ಮುರಿದರೆ ಉಳಿಗಾಲವಿಲ್ಲ.

ಎರಡೂ ಕಡೆ ಬಿಚ್ಚಿಸಿ. ಸೀಮೆಎಣ್ಣೆಯಲ್ಲಿ ಗ್ರೀಸ್ ಪೂರ್ತಿ ತೊಳೆದು ಕಡ್ಡಿಯ ಥ್ರೆಡ್ ನೋಡಿ. ತುಕ್ಕಿನ ಗುಳಿ ಬಿದ್ದಿದ್ದರೆ ಅಥವಾ ಬಣ್ಣ ಇಳಿಸಿ ಬಿರುಕು ನೋಡುವ ಡೈ ಪರೀಕ್ಷೆಯಲ್ಲಿ ಗೆರೆ ಕಂಡರೆ ಆ ಕಡ್ಡಿ ಗುಜರಿಗೆ. ಅದಕ್ಕೆ ವೆಲ್ಡಿಂಗ್ ಬೇಡವೇ ಬೇಡ. ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿದ್ದ ಊರು ನಿಮ್ಮದು, ಬುಷ್, ಪಿನ್ನು, ಸ್ಪೇಸರ್ ಕಡೆಸಲು ಹರಿಹರದ ಲೇತ್ ಕೈಗಳನ್ನು ಧಾರಾಳವಾಗಿ ನಂಬಿ. ಆದರೆ ಲಂಬ ಕಡ್ಡಿ ಹದ ಕೊಟ್ಟ ಫೋರ್ಜಿಂಗ್. ಅದನ್ನು ಸಾಮಾನ್ಯ ಉಕ್ಕಿನ ಸರಳಿನಲ್ಲಿ ಕಡೆಸಬೇಡಿ. ಹೊಸದನ್ನೇ ತರಿಸಿ.

ಜೋಡಿಸುವಾಗ ಎಡ ಬಲ ಅದಲುಬದಲು ಆಗಬಾರದು. ಒಂದು ಕಡೆ ಎಡ ಥ್ರೆಡ್, ಇನ್ನೊಂದು ಕಡೆ ಬಲ ಥ್ರೆಡ್. ಟ್ರನಿಯನ್ನನ್ನು ಕೊನೆಯವರೆಗೂ ಸ್ಕ್ರೂ ಮಾಡಿ, ಆಮೇಲೆ ಎರಡು ಕಡೆಗೂ ಸ್ಟಿಯರಿಂಗ್ ಪೂರ್ತಿ ತಿರುಗಲು ಬೇಕಾದಷ್ಟು ಹಿಂದಕ್ಕೆ ಬಿಡಿ. ತೀರಾ ಬಿಗಿ ಬಿಟ್ಟರೆ ಪೂರ್ತಿ ತಿರುಗಿಸಿದಾಗ ಥ್ರೆಡ್ ತಳಕ್ಕೆ ಕಚ್ಚಿ ಕಡ್ಡಿಯನ್ನು ತಿರುಚುತ್ತದೆ. ಖಾಲಿ ಗ್ರೀಸ್ ಗನ್ ಒಂದನ್ನು ಸ್ವಚ್ಛ ತೊಳೆದು ಇಪಿ 90 ತುಂಬಿ, ಇದಕ್ಕೇ ಮೀಸಲಿಡಿ. ಮೇಲಿನ ಸೀಲಿನ ಬಳಿ ಹೊಸ ಎಣ್ಣೆ ಒಸರುವವರೆಗೆ ಒತ್ತಿ. ಕಂಪನಿ ಹೇಳಿದ ಅಂತರ 6,000 ಮೈಲಿ, ಅಂದರೆ ಸುಮಾರು ಹತ್ತು ಸಾವಿರ ಕಿ.ಮೀ. ಅಷ್ಟು ಓಡದ ಕಾರಿಗೆ ಆರು ತಿಂಗಳಿಗೊಮ್ಮೆ, ಮಳೆಗಾಲ ಮುಗಿದ ಕೂಡಲೇ ಇನ್ನೊಮ್ಮೆ.

ನನ್ನ ಹೆರಾಲ್ಡಿನ ಚಾಸಿಯ ಪಕ್ಕದ ತೋಳುಗಳು ತುಕ್ಕು ಹಿಡಿದು ಸ್ಕ್ರೂ ಡ್ರೈವರ್ ಚುಚ್ಚಿದರೆ ತೂತಾಗುತ್ತಿವೆ. ಮೈ ಪೂರ್ತಿ ಎತ್ತಬೇಕೇ?
– ನಿಟ್ಟುವಳ್ಳಿ, ದಾವಣಗೆರೆ

ತೋಳುಗಳಷ್ಟೇ ಹೋಗಿದ್ದರೆ ಎತ್ತಬೇಡಿ. ಮೈ ಕೂತಿದ್ದಂತೆಯೇ ಒಂದೊಂದನ್ನೇ ಬದಲಿಸಿದರೆ ಬಾಗಿಲಿನ ಸಂದಿ ಕೆಡುವುದಿಲ್ಲ. ಮೈ ಎತ್ತಿದ ಮೇಲೆ ತುಂಡು ತುಂಡಾಗಿ ಬೋಲ್ಟ್ ಮಾಡಿದ ಈ ಮೈಯನ್ನು ಮತ್ತೆ ಹೊಂದಿಸುವುದು ದೊಡ್ಡ ಕೆಲಸ.

ಕಾರನ್ನು ಸಮತಟ್ಟಾದ ನೆಲದಲ್ಲಿ ನಾಲ್ಕು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಸ್ಟ್ಯಾಂಡ್ ಮುಖ್ಯ ಚಾಸಿಯ ಕೆಳಗಿರಲಿ. ಬಾಗಿಲಿನ ಸುತ್ತಲ ಸಂದಿಯನ್ನು ಅಳೆದು ಬರೆದಿಡಿ. ಬಾಗಿಲ ಚೌಕಟ್ಟಿನ ನಡುವೆ 25 ಮಿ.ಮೀ. ಚೌಕ ಪೈಪ್ ಅಡ್ಡ ಬಿಗಿದು ಆಮೇಲೆ ಹಳೆಯ ತೋಳನ್ನು ಕತ್ತರಿಸಿ. ತೋಳಿಗೆ 1.6 ಮಿ.ಮೀ. ತಗಡು, ಮೈಯ ತೇಪೆಗೆ 0.9 ಮಿ.ಮೀ. ಇರಲಿ. ಗೇಟು, ಗ್ರಿಲ್ ಮಾಡುವ ಆರ್ಕ್ ವೆಲ್ಡಿಂಗ್ ಈ ದಪ್ಪಕ್ಕೆ ಆಗದು, ತೂತು ಬೀಳುತ್ತದೆ. ಗ್ಯಾಸ್ ವೆಲ್ಡಿಂಗಿನ ಶಾಖಕ್ಕೆ ತಗಡು ಅಲೆಅಲೆಯಾಗುತ್ತದೆ. 0.8 ಮಿ.ಮೀ. ವೈರಿನ ಮಿಗ್ ವೆಲ್ಡಿಂಗ್ ಇರುವವರನ್ನೇ ಹುಡುಕಿ. ಒಂದೇ ಉಸಿರಿಗೆ ಗೆರೆ ಎಳೆಯದೆ, ಅಂಗುಲಕ್ಕೊಂದು ಚುಕ್ಕೆ ಇಟ್ಟು ಎದುರು ಬದುರಾಗಿ ತುಂಬಲಿ. ಡಿಕ್ಕಿಯೊಳಗಿನ ಪೆಟ್ರೋಲ್ ಟ್ಯಾಂಕ್ ಹೊರಗೆ, ಬ್ಯಾಟರಿ ವೈರು ಬಿಚ್ಚಿ. ಖಾಲಿ ಟ್ಯಾಂಕೇ ಹೆಚ್ಚು ಅಪಾಯ, ಆವಿಯಿಂದ ಸಿಡಿಯುವುದು ಅದೇ.

ಕೆಲಸ ಮುಗಿದ ಮೇಲೆ ತೋಳಿನ ಒಳಕ್ಕೆ ಮೇಣದಂಥ ತುಕ್ಕುನಿರೋಧಕ ಸಿಂಪಡಿಸಿ, ಕೆಳಗಿನ ನೀರಿನ ತೂತು ತೆರೆದಿರಲಿ. ಹಿಂದೆ ಎಷ್ಟೋ ಕಾರುಗಳಿಗೆ ಡಾಂಬರಿನಂಥ ಕೋಟಿಂಗ್ ಬಳಿದು ಆ ತೂತುಗಳನ್ನೇ ಮುಚ್ಚಿದ್ದಾರೆ. ತುಕ್ಕು ಒಳಗಿನಿಂದ ಬಂದದ್ದಕ್ಕೆ ಅದೇ ಕಾರಣ. ಬೂದು ಪ್ರೈಮರ್ ಹಚ್ಚಿ ಕಾರನ್ನು ತಿಂಗಳುಗಟ್ಟಲೆ ಹೊರಗೆ ಬಿಡಬೇಡಿ, ಪ್ರೈಮರ್ ನೀರು ಹೀರುತ್ತದೆ.

ಇನ್ನೊಂದು ಮಾತು. ಜಾಕಿನಿಂದ ಇಳಿಸಿದ ಕೂಡಲೇ ಹಿಂದಿನ ಚಕ್ರಗಳು ಒಳಕ್ಕೆ ಮಡಚಿ ಕಾರು ಎತ್ತರ ಕಾಣುತ್ತದೆ. ಎರಡೂ ಹಿಂಚಕ್ರ ಬೇರೆಬೇರೆಯಾಗಿ ತೂಗುವ ಸ್ವಿಂಗ್ ಆಕ್ಸಲ್ ಸ್ವಭಾವವೇ ಅದು. ಹತ್ತು ಅಡಿ ಮುಂದೆ ಹಿಂದೆ ತಳ್ಳಿ ಆಮೇಲೆ ಎತ್ತರ ಅಳೆಯಿರಿ, ಸ್ಪ್ರಿಂಗ್ ಪಟ್ಟಿ ಕೆಟ್ಟಿದೆ ಎಂದು ಬಿಚ್ಚಲು ಹೋಗಬೇಡಿ.

ಏಪ್ರಿಲ್ ಬಿಸಿಲಲ್ಲಿ ಅರ್ಧ ಗಂಟೆ ಓಡಿಸಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗದು. ತಣಿದ ಮೇಲೆ ಸರಿ. ಮೀಟರ್ ಮುಳ್ಳೂ ಬಿಸಿ ತೋರಿಸುತ್ತದೆ.
– ತುರುವನೂರು ರಸ್ತೆ, ಚಿತ್ರದುರ್ಗ

ನಿಂತಾಗಲೇ ಒಂದು ಪ್ಲಗ್ ಬಿಚ್ಚಿ, ಪೆಟ್ರೋಲ್ ಆವಿಯಿಂದ ದೂರ ಹಿಡಿದು, ಬ್ಲಾಕಿಗೆ ತಾಗಿಸಿ ಕಿಡಿ ನೋಡಿ. ಕಿಡಿ ಇಲ್ಲದಿದ್ದರೆ ಅಥವಾ ಕೆಂಪಗೆ ಸಣ್ಣಗಿದ್ದರೆ ಕಂಡೆನ್ಸರ್ ಇಲ್ಲವೇ ಕಾಯಿಲ್ ಬಿಸಿಗೆ ಕೈಕೊಡುತ್ತಿದೆ. ಮೊದಲು ಅಗ್ಗದ ಕಂಡೆನ್ಸರ್ ಬದಲಿಸಿ. ನೀಲಿ ಕಿಡಿ ಇದ್ದರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪ್ ಎಳೆಯುತ್ತಿಲ್ಲ. ಪೈಪನ್ನು ಸೈಲೆನ್ಸರಿನಿಂದ ದೂರ ಸರಿಸಿ, ಕಾರ್ಬೊರೇಟರ್ ಕೆಳಗಿನ ಶಾಖ ತಡೆಯುವ ದಪ್ಪ ಗ್ಯಾಸ್ಕೆಟ್ ಇದೆಯೇ ನೋಡಿ.

ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಇದೆ. ಹಳೆಯ ರಬ್ಬರ್ ಹೋಸ್, ಪಂಪಿನ ಡಯಾಫ್ರಂ ಅದಕ್ಕೆ ಮೆತ್ತಗಾಗಿ ಸೋರುತ್ತವೆ. ಎಥೆನಾಲ್ ತಡೆಯುವ ಹೋಸ್ ಹಾಕಿಸಿ. ಟ್ಯಾಂಕಿನ ಹಳೆಯ ಜಿಡ್ಡನ್ನೂ ಅದು ಕರಗಿಸಿ ತರುವುದರಿಂದ ಮೊದಲ 300 ಕಿ.ಮೀ.ಗೆ ಫಿಲ್ಟರ್ ಬದಲಿಸಿ. ಪ್ಲಗ್ ತುದಿ ಬಿಳಿಯಾಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿ. ತಿಳಿ ಕಂದು ಬಣ್ಣ ಬಂದರೆ ಸರಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ.

ಬಿಸಿಯ ಮೂಲ ಬಹುಶಃ ಬೋರ್‌ವೆಲ್ ನೀರು. ದುರ್ಗದ ಕಡೆಯ ಗಡಸು ನೀರನ್ನು ರೇಡಿಯೇಟರಿಗೆ ಹಾಕಿದರೆ ಒಳಗೆಲ್ಲ ಸುಣ್ಣ ಕಟ್ಟುತ್ತದೆ. ಲೀಟರಿಗೆ 50 ಗ್ರಾಂ ನಿಂಬೆ ಉಪ್ಪು ಬೆರೆಸಿ ತುಂಬಿ, ಎಂಜಿನ್ ಅರ್ಧ ಗಂಟೆ ಓಡಿಸಿ, ತಣಿದ ಮೇಲೆ ಇಳಿಸಿ. ಆಮೇಲೆ ಸೋಡಾ ಪುಡಿ ಕರಗಿಸಿದ ನೀರು, ಕೊನೆಗೆ ಬರೀ ನೀರು. ಬ್ಲಾಕಿನ ಪಕ್ಕದ ನಲ್ಲಿಯನ್ನೂ ತೆರೆಯಿರಿ, ಕೆಸರು ಕೂರುವುದು ನಾಲ್ಕನೇ ಸಿಲಿಂಡರಿನ ಸುತ್ತ. ಮತ್ತೆ ತುಂಬುವಾಗ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಎರಡು ಪಾಲು, ಕೂಲಂಟ್ ಒಂದು ಪಾಲು.

ಸಿಪಾನಿ ಡಾಲ್ಫಿನ್ ಕಾರಿನ ಮೈ ಬಾಗಿಲಿನ ಮೂಲೆಯಲ್ಲಿ ಬಿರುಕು ಬಿಟ್ಟಿದೆ. ಪುಟ್ಟಿ ತುಂಬಿಸಿದರೂ ಮತ್ತೆ ಸೀಳುತ್ತದೆ. ಹಿಂದಿನ ದೀಪಗಳೂ ಮಂಕು.
– ಚಳ್ಳಕೆರೆ

ಬೆಂಗಳೂರಿನಲ್ಲಿ ತಯಾರಾದ ಈ ಕಾರಿನ ಮೈ ಫೈಬರ್‌ಗ್ಲಾಸ್. ಪುಟ್ಟಿಗೆ ಶಕ್ತಿಯಿಲ್ಲ. ಬಿರುಕಿನ ಗುಂಟ 'ವಿ' ಆಕಾರಕ್ಕೆ ಉಜ್ಜಿ, ಎರಡೂ ಬದಿ ಎರಡೆರಡು ಅಂಗುಲ ಬಣ್ಣ ತೆಗೆಯಿರಿ. ಒಳಗಡೆಯಿಂದ ಚದರ ಮೀಟರಿಗೆ 300 ಗ್ರಾಂ ತೂಗುವ ಗಾಜಿನ ನಾರಿನ ಮ್ಯಾಟ್ ಎರಡು ಮೂರು ಪದರ ಇಡಿ, ಮ್ಯಾಟ್ ತೂಕದ ಎರಡೂವರೆ ಪಟ್ಟು ಪಾಲಿಯೆಸ್ಟರ್ ರೆಸಿನ್ ಸಾಕು. ಹಾರ್ಡನರ್ ಶೇ. 1, ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸಿ. ಮಧ್ಯಾಹ್ನದ ಬಿಸಿಲಿಗೆ ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ದ್ರಾವಣ ಮತ್ತು ಹಾರ್ಡನರ್ ಎರಡನ್ನೂ ಎಂದಿಗೂ ನೇರವಾಗಿ ಬೆರೆಸಬೇಡಿ, ಸಿಡಿದು ಬೆಂಕಿ ಹೊತ್ತುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್ನಿನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಉಜ್ಜುವಾಗ ಮಾಸ್ಕ್, ತುಂಬು ತೋಳಿನ ಅಂಗಿ.

ದೀಪ ಮಂಕಾಗಿರುವುದು ಅರ್ಥ್ ಸಿಗದೆ. ಫೈಬರ್ ಮೈಯಲ್ಲಿ ಕರೆಂಟ್ ಹರಿಯುವುದಿಲ್ಲ. ಪ್ರತಿ ದೀಪದಿಂದ 1.5 ಚದರ ಮಿ.ಮೀ. ಕಪ್ಪು ವೈರನ್ನು ಚಾಸಿಗೆ ಎಳೆದು, ತುಕ್ಕು ಉಜ್ಜಿದ ಜಾಗದಲ್ಲಿ ನಕ್ಷತ್ರ ವಾಷರ್ ಹಾಕಿ ಬಿಗಿಯಿರಿ.

ಐವತ್ತು ವರ್ಷ ದಾಟಿದ ಕಾರಿಗೆ ವಿಂಟೇಜ್ ನಂಬರ್ ಮಾಡಿಸುವುದು ಒಳ್ಳೆಯದೇ?
– ಹೊಳಲ್ಕೆರೆ

2021ರ ಕೇಂದ್ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಖಾಸಗಿ ವಾಹನಕ್ಕೆ 'ವಿಎ' ಅಕ್ಷರಗಳಿರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಚಾಲ್ತಿ, ಮರು ನೋಂದಣಿಗೆ 5,000. ಆದರೆ ಆ ನಂಬರಿನಲ್ಲಿ ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಪೆಟ್ರೋಲ್, ದುರಸ್ತಿಗಷ್ಟೇ ಓಡಿಸಬೇಕು. ದಿನದ ಓಡಾಟಕ್ಕೆ ಅವಕಾಶವಿಲ್ಲ. ನಿಮ್ಮ ಹಳೆಯ ಆರ್‌ಸಿ ಜೀವಂತವಿದ್ದರೆ ಚಿತ್ರದುರ್ಗದ ಆರ್‌ಟಿಒ ಕಚೇರಿಯಲ್ಲಿ ಐದು ವರ್ಷಕ್ಕೊಮ್ಮೆ ನವೀಕರಿಸುವುದೇ ಮೇಲು. ಯಾವ ದಾರಿ ಹಿಡಿದರೂ, ಚಾಸಿ ಮತ್ತು ಎಂಜಿನ್ ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ತಾಗಿಸುವ ಮುಂಚೆ ಫೋಟೊ ತೆಗೆದು, ಪೆನ್ಸಿಲ್ ಉಜ್ಜಿ ಅಚ್ಚು ಇಟ್ಟುಕೊಳ್ಳಿ. ಆ ಅಂಕಿ ಅಳಿಸಿದರೆ ಎರಡೂ ನೋಂದಣಿ ಕಷ್ಟ.