ಸಹಿ ಹೊಂದದ ಲಕೋಟೆ

ತಮ್ಮಾ, ಸಾಗರದ ಕಡೆಯವನು ಎಂದೆಯಲ್ಲ, ಏಕವಚನದಲ್ಲೇ ಬರೆಯುತ್ತೇನೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದು ಎರಡು ತಿಂಗಳಾಗಿಲ್ಲ, ಇಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ 2024ರ ಚುನಾವಣೆಯ ಕರಪತ್ರ ಹಿಡಿದು ಯಾರೋ ಬಾಗಿಲಿಗೆ ಬಂದರು, ಎಚ್-1ಬಿ ಎಂಬ ಕೆಲಸದ ವೀಸಾದವನು ದೇಣಿಗೆ ಕೊಡಬಹುದೇ, ಪ್ರಚಾರಕ್ಕೆ ಹೋಗಬಹುದೇ ಎಂದು ಕೇಳಿದ್ದೀಯೆ.

ದೇಣಿಗೆ ಒಂದು ಡಾಲರೂ ಬೇಡ. ಕಾಯಂ ವಾಸದ ಗ್ರೀನ್ ಕಾರ್ಡ್ ಬರುವವರೆಗೆ ಕಾನೂನು ಒಪ್ಪುವುದಿಲ್ಲ. ಅಭ್ಯರ್ಥಿಯ ಔತಣಕೂಟದ ಟಿಕೆಟ್ ಕೂಡ ದೇಣಿಗೆಯೇ, ನಮ್ಮವರು ತಂದರೆಂದು ದಾಕ್ಷಿಣ್ಯಕ್ಕೆ ಬೀಳಬೇಡ. ಸಂಬಳವಿಲ್ಲದೆ ಪ್ರಚಾರಕ್ಕೆ ಹೋಗಬಹುದು. ಡ್ರೈವಿಂಗ್ ಲೈಸೆನ್ಸಿನ ಅರ್ಜಿಯಲ್ಲಿ ‘ಅಮೆರಿಕದ ಪ್ರಜೆಯೇ’ ಎಂಬಲ್ಲಿ ಆತುರದಲ್ಲಿ ‘ಹೌದು’ ಎಂದು ಗುರುತು ಹಾಕಿಬಿಟ್ಟೀಯೆ, ಮುಂದೆ ಗ್ರೀನ್ ಕಾರ್ಡಿಗೇ ಸಂಚಕಾರ.

ಇದು ನಮ್ಮ ರಾಜ್ಯಸಭೆಯಂತಲ್ಲ. ಶಾಸಕರು ಮತ ಹಾಕುವುದಿಲ್ಲ, ಆದ್ದರಿಂದ ರೆಸಾರ್ಟೂ ಇಲ್ಲ. ಇಡೀ ಕ್ಯಾಲಿಫೋರ್ನಿಯಾ ಒಂದೇ ಕ್ಷೇತ್ರ. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಸೀಟು ಎಂದುಕೋ. ಮನೆಮನೆಗೆ ಹೋಗಿ ಮುಗಿಯುವ ಮಾತಲ್ಲ, ಹಣವೆಲ್ಲ ಟಿವಿ ಜಾಹೀರಾತಿಗೆ. ಈ ಸೀಟು 1992ರಿಂದ ಡಯಾನ್ ಫೈನ್‌ಸ್ಟೈನ್ ಅವರದಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. 2024ರ ಮಾರ್ಚಿನ ಮೊದಲ ಸುತ್ತಿನಲ್ಲಿ ಪಕ್ಷ ಯಾವುದೇ ಇರಲಿ, ಮೇಲಿನ ಇಬ್ಬರಿಗಷ್ಟೇ ಮುಂದೆ ದಾರಿ. ಆಗ ಅಭ್ಯರ್ಥಿ ಆಡಮ್ ಶಿಫ್ ತಮ್ಮ ಜಾಹೀರಾತಿನಲ್ಲೇ ಎದುರು ಪಕ್ಷದ ಮಾಜಿ ಬೇಸ್‌ಬಾಲ್ ಆಟಗಾರ ಸ್ಟೀವ್ ಗಾರ್ವಿಯ ಹೆಸರು ಎತ್ತಿ ಎತ್ತಿ ಆಡಿದರು. ಎರಡನೇ ಸುತ್ತಿಗೆ ತಮ್ಮದೇ ಪಕ್ಷದ ಕೇಟಿ ಪೋರ್ಟರ್‌ಗಿಂತ ಗಾರ್ವಿ ಸುಲಭದ ಎದುರಾಳಿ! ನಮ್ಮೂರಿನ ಯಾವ ಪುಢಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಮೊದಲ ಮತದ ಕಥೆ ಕೇಳು. 1998ರಲ್ಲಿ ಎರಡು ಸೂಟ್‌ಕೇಸು, ಒಂದು ಡಬ್ಬಿ ಅಪ್ಪೆಮಿಡಿ ಹಿಡಿದು ಬಂದವನು ನಾನು. ಹಳೆಯ ಪಾಸ್‌ಪೋರ್ಟ್ ಬಿಡಲು ಮನಸ್ಸಾಗದೆ ವರ್ಷಗಟ್ಟಲೆ ಮುಂದೂಡಿ, 2015ರಲ್ಲಿ ಪ್ರಜೆಯಾದೆ. 2016ರ ಜೂನ್. ಸೆನೆಟರ್ ಬಾರ್ಬರಾ ಬಾಕ್ಸರ್ ಬಿಟ್ಟುಕೊಟ್ಟ, ರಾಜ್ಯದ ಇನ್ನೊಂದು ಸೀಟಿಗೆ 34 ಹೆಸರುಗಳ ಮತಪತ್ರ ಅಂಚೆಯಲ್ಲಿ ಬಂತು. ಅಡಿಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಒಂದು ಸಂಜೆಯೆಲ್ಲ ಓದಿದೆ. ಗುರುತು ಹಾಕಿ, ಲಕೋಟೆ ಅಂಟಿಸಿ, ಹೆಮ್ಮೆ ಉಕ್ಕಿ ಕನ್ನಡದಲ್ಲಿ ಸಹಿ ಹಾಕಿದೆ; ಎಸ್ಸೆಸ್ಸೆಲ್ಸಿಯಲ್ಲಿ ಕಲಿತ, ಕೊನೆಗೆ ಬಾಲ ಎಳೆಯುವ ಸಹಿ. ನೋಂದಣಿಯ ಕಾಗದದಲ್ಲಿ ಇದ್ದದ್ದು ಇಂಗ್ಲಿಷ್ ಸಹಿ.

ಒಂದು ತಿಂಗಳ ಮೇಲೆ ವಿಚಾರಿಸಿದಾಗ ಗೊತ್ತಾಯಿತು: ಸಹಿ ಹೊಂದಲಿಲ್ಲ, ಮತ ಎಣಿಕೆಗೆ ಬರಲಿಲ್ಲ. ಮೊದಲೇ ತಿಳಿಸಿ ಸರಿಪಡಿಸಲು ಬಿಡಬೇಕೆಂಬ ಕಾನೂನು ಬಂದದ್ದು 2018ರಲ್ಲಿ. ತಪ್ಪು ನನ್ನದೇ, ಯಾರನ್ನು ದೂರಲಿ?

ಅಷ್ಟರಲ್ಲಿ ಅಪ್ಪಯ್ಯ ಫೋನಿನಲ್ಲಿ ಕೇಳಿಯಾಗಿತ್ತು. ಮೇಷ್ಟರಾಗಿ ಎಷ್ಟೋ ಚುನಾವಣೆಗಳಲ್ಲಿ ಮತಗಟ್ಟೆ ಕೆಲಸ ಮಾಡಿದವರು. “ಬೆರಳಿಗೆ ಶಾಯಿ ಹಚ್ಚುತ್ತಾರೇನೋ ಅಲ್ಲಿ?” ಇಲ್ಲ ಎಂದೆ. “ಮತ ಬಿತ್ತಲ್ಲ, ಸಾಕು” ಎಂದರು. ವಿಷಯ ತಿಳಿದ ಮೇಲೂ ನಾನು ಹೇಳಲಿಲ್ಲ. ಮರುವರ್ಷ ಅವರು ಹೋದರು.

ನಿನ್ನ ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದೆ. ಅನಿವಾಸಿ ಮತದಾರನೆಂದು ಸಾಗರದಲ್ಲೇ ಹೆಸರು ಬರೆಸಿಕೋ. ಮತ ಹಾಕಲು ಮಾತ್ರ ಖುದ್ದಾಗಿ ಹೋಗಬೇಕು.

ಶನಿವಾರ ಊಟಕ್ಕೆ ಬಾ. ನವೆಂಬರ್ 5ರ ಮತಪತ್ರ ಬಂದಿದೆ, ತೋರಿಸುತ್ತೇನೆ. ಈ ಸಲ ಒಂದೇ ಕುರ್ಚಿಗೆ ಎರಡು ಗುರುತು: 2025ರ ಜನವರಿ 3ರವರೆಗಿನ ಉಳಿದ ಅವಧಿಗೊಂದು, ಮುಂದಿನ 6 ವರ್ಷಕ್ಕೊಂದು. ಸಹಿಗೆ ಮುಂಚೆ ಲೈಸೆನ್ಸನ್ನು ಪಕ್ಕದಲ್ಲಿಟ್ಟುಕೊಂಡು ರದ್ದಿ ಕಾಗದದ ಮೇಲೆ ಮೂರು ಸಲ ಬರೆದು ನೋಡುತ್ತೇನೆ. ನಗಬೇಡ.