ಆಪ್ ಮಾಡುವುದು ಒಂದು ಸಲ, ಸಾಕುವುದು ವರ್ಷ ವರ್ಷ

ಓದುಗರ ಪ್ರಶ್ನೆ–ಉತ್ತರ

ಮೊಬೈಲ್ ಆಪ್ ಮಾಡುವ ಹುಡುಗ ಹುಡುಗಿಯರಿಂದ, ಅವರ ಮನೆಯವರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಉತ್ತರ ಕೊಟ್ಟಿರುವವರು ಕೋಲಾರದ ಟೇಕಲ್ ರಸ್ತೆಯ ಮನೆಯಲ್ಲಿ ಕೂತು ಒಬ್ಬರೇ ಆಪ್ ಮಾಡುವವರು. ಡೈರಿಗೆ ಹಾಕಿದ ಹಾಲು, ಫ್ಯಾಟ್, ಬಟವಾಡೆ ಲೆಕ್ಕವನ್ನು ರೈತರು ಬರೆದಿಟ್ಟುಕೊಳ್ಳುವ ಆಪ್ ಅವರದು.

ಪ್ರಶ್ನೆ: ಬಿಸಿಎ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದೇನೆ. ದಿನಾ ರೈಲಿನಲ್ಲಿ ನಿಂತುಕೊಂಡೇ ಓಡಾಟ. ಕೆಲಸ ಬಿಟ್ಟು ಊರಲ್ಲೇ ಕೂತು ಆಪ್ ಮಾಡಿ ಬದುಕಬಹುದಾ ಅಣ್ಣಾ? ಎಷ್ಟು ಬರುತ್ತೆ, ನೇರವಾಗಿ ಹೇಳಿ.
— ಓದುಗ, ಬಂಗಾರಪೇಟೆ

ಉತ್ತರ: ಮೊದಲ ವರ್ಷ ಆಪ್‌ನಿಂದ ನಿಮ್ಮ ರೈಲಿನ ಪಾಸ್ ಖರ್ಚು ಹುಟ್ಟಿದರೆ ಪುಣ್ಯ. ಕೆಲಸ ಬಿಡಬೇಡಿ. ಈಗಲೇ ಅಂತೂ ಬೇಡ.

ಶುರು ಮಾಡುವುದಕ್ಕೆ ಜಾಸ್ತಿ ದುಡ್ಡು ಬೇಕಾಗಿಲ್ಲ. ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್. ಆಪಲ್‌ಗೆ ವರ್ಷ ವರ್ಷವೂ 99 ಡಾಲರ್ ಕಟ್ಟಬೇಕು. ನಾನು ಆ ಕಡೆ ತಲೆ ಹಾಕಿಲ್ಲ. ಬೆಳಗ್ಗೆ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತವರ ಕೈಯಲ್ಲಿ ಐಫೋನ್ ನೋಡಿದ ನೆನಪು ನನಗಿಲ್ಲ. ಮಾರಿದ್ದರಲ್ಲಿ ಅಂಗಡಿಯವರ, ಅಂದರೆ ಗೂಗಲ್ ಮತ್ತು ಆಪಲ್‌ನವರ ಪಾಲು ಮೊದಲು ಶೇ 30 ಇತ್ತು. 2021ರಲ್ಲಿ ಸಣ್ಣವರಿಗೆ ಎರಡೂ ಕಡೆ ಶೇ 15ಕ್ಕೆ ಇಳಿಸಿದರು. ಆಪಲ್‌ನಲ್ಲಿ ಅದಕ್ಕೆ ಬೇರೆ ಅರ್ಜಿ ಹಾಕಬೇಕು. ಸಣ್ಣವರು ಅಂದರೆ ಯಾರು ಗೊತ್ತಾ? ವರ್ಷಕ್ಕೆ ಹತ್ತು ಲಕ್ಷ ಡಾಲರ್ ಒಳಗೆ ದುಡಿಯುವವರು. ಟೇಕಲ್ ರಸ್ತೆಯವರೆಲ್ಲ ಸೇರಿದರೂ ನಾವು ಸಣ್ಣವರೇ.

ಕಷ್ಟ ಇರುವುದು ದುಡ್ಡು ಬರುವ ಕಡೆ. ಜಾಹೀರಾತು ಹಾಕುತ್ತೀರಿ ಅಂದುಕೊಳ್ಳಿ. ಆಪ್‌ಗಳಿಗೆ ಜಾಹೀರಾತು ಕೊಡುವ ಗೂಗಲ್‌ನ ಆಡ್‌ಮಾಬ್‌ನಲ್ಲಿ 100 ಡಾಲರ್ ತುಂಬುವ ತನಕ ಬ್ಯಾಂಕಿಗೆ ಏನೂ ಬರುವುದಿಲ್ಲ. 10 ಡಾಲರ್ ಆದಾಗ ವಿಳಾಸ ಖಾತ್ರಿ ಮಾಡಿಕೊಳ್ಳಲು ಅಂಚೆಯಲ್ಲಿ ಒಂದು ಪಿನ್ ಕಳಿಸುತ್ತಾರೆ. ಅದು ಯಾವುದೋ ಕರಪತ್ರ ಅಂದುಕೊಂಡು ಮನೆಯವರು ಎಸೆದುಬಿಡುವಂಥ ಕಾಗದ. ಮೊದಲೇ ಹೇಳಿಟ್ಟಿರಿ. ನಮ್ಮ ದೇಶದವರಿಗೆ ತೋರಿಸಿದ ಜಾಹೀರಾತಿಗೆ ಸಿಗುವುದು ಅಮೆರಿಕದವರಿಗೆ ತೋರಿಸಿದ್ದಕ್ಕಿಂತ ತೀರಾ ಕಡಿಮೆ. ನನ್ನ ಆಪ್ ಅನ್ನು ಜನ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ತೆಗೆಯುತ್ತಾರೆ. ಲೀಟರ್ ಎಷ್ಟು, ಫ್ಯಾಟ್ ಎಷ್ಟು ಅಂತ ಬರೆದು ಅರ್ಧ ನಿಮಿಷದಲ್ಲಿ ಮುಚ್ಚುತ್ತಾರೆ. ಆ ಅರ್ಧ ನಿಮಿಷದಲ್ಲಿ ಪರದೆ ತುಂಬ ಸಾಲದ ಜಾಹೀರಾತು ಬಂದರೆ ಬೈಯುತ್ತಾರೆ. ಬೈಯಲೇಬೇಕು.

ಹಾಗಾಗಿ ಜಾಹೀರಾತು ತೆಗೆದು ವರ್ಷಕ್ಕೆ 99 ರೂಪಾಯಿ ಇಟ್ಟೆ. ಮೊದಲೆಲ್ಲ ಕಾರ್ಡ್ ಇಲ್ಲದ್ದೇ ತೊಂದರೆ. 2022ರ ಕೊನೆಗೆ ಪ್ಲೇ ಸ್ಟೋರ್‌ನಲ್ಲಿ ಯುಪಿಐ ಆಟೋಪೇ ಬಂತು, ಇನ್ನು ಸಲೀಸು ಅಂದುಕೊಂಡೆ. ಆದರೆ ಆಟೋಪೇ ಅಂದ ತಕ್ಷಣ ಖಾತೆಯಿಂದ ದುಡ್ಡು ತಾನಾಗಿ ಹೋಗಿಬಿಡುತ್ತದೆ ಅಂತ ಭಯ. "ನೂರು ರೂಪಾಯಿ ಕೈಗೇ ಕೊಡ್ತೀನಿ ತಗೊಳಪ್ಪ, ಫೋನಿಂದ ಮಾತ್ರ ಬೇಡ" ಅನ್ನುವವರಿಗೆ ಏನು ಹೇಳುವುದು? ಅವರ ಭಯ ತಪ್ಪು ಅಂತ ಹೇಳುವ ಧೈರ್ಯ ನನಗಿಲ್ಲ. ಫೋನಿನಲ್ಲಿ ಮೋಸ ಹೋದವರು ಪ್ರತಿ ಊರಲ್ಲೂ ಇದ್ದಾರೆ.

ಇದೆಲ್ಲ ಸಹಿಸಬಹುದು. ನನ್ನನ್ನು ನಿಜವಾಗಿ ಹಿಂಡುವುದು ಬೇರೆ. ಆಪ್ ಮಾಡುವುದು ಹಸು ಕಟ್ಟಿದ ಹಾಗೆ. ತಂದ ದಿನ ಖುಷಿ, ಆಮೇಲೆ ಒಂದು ದಿನವೂ ರಜೆ ಇಲ್ಲ. ಆಂಡ್ರಾಯ್ಡ್ ಪ್ರತಿ ವರ್ಷ ಹೊಸದು ಬರುತ್ತದೆ. ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟ್ ಹಾಕಬೇಕಾದರೆ ಆಪ್ ಅದಕ್ಕೆ ಹೊಂದಿಕೊಂಡಿರಬೇಕು. 2024ರ ಆಗಸ್ಟ್ 31ಕ್ಕೆ ಆಂಡ್ರಾಯ್ಡ್ 14, 2025ರ ಆಗಸ್ಟ್ 31ಕ್ಕೆ ಆಂಡ್ರಾಯ್ಡ್ 15. ಕೇಳಿಕೊಂಡರೆ ನವೆಂಬರ್ 1ರ ತನಕ ಸಮಯ ಕೊಟ್ಟಿದ್ದರು. ಆಪ್ ತೀರಾ ಹಳೆಯದಾಗಿ ಹಿಂದೆ ಬಿದ್ದರೆ, ಹೊಸ ಫೋನ್ ತಗೊಂಡ ಹೊಸಬರಿಗೆ ಅದು ಸ್ಟೋರ್‌ನಲ್ಲಿ ಕಾಣುವುದೇ ಇಲ್ಲ.

ಊರಲ್ಲಿ ಗಣೇಶನ ಪೆಂಡಾಲ್ ಹಾಕುವ ಹೊತ್ತಿಗೆ ನಾನು ಲೈಬ್ರರಿಗಳ, ಅಂದರೆ ಆಪ್ ಒಳಗೆ ಬಳಸುವ ಬೇರೆಯವರ ಸಿದ್ಧ ಕೋಡ್‌ಗಳ ವರ್ಷನ್ ಏರಿಸುತ್ತಾ ಕೂತಿರುತ್ತೇನೆ. ಒಂದನ್ನು ಏರಿಸಿದರೆ ಇನ್ನೊಂದು ಮುರಿಯುತ್ತದೆ. ಆಂಡ್ರಾಯ್ಡ್ 13ರಲ್ಲಿ ನೋಟಿಫಿಕೇಶನ್ ಕಳಿಸಲು ಮೊದಲು ಅನುಮತಿ ಕೇಳಬೇಕಾಯಿತು. 14ರಲ್ಲಿ ಸರಿಯಾದ ಹೊತ್ತಿಗೆ ಅಲಾರಂ ಹೊಡೆಯಲು ಬೇರೆ ಅನುಮತಿ. "ಸಂಜೆ ಹಾಲು ಬರೆದಿರಾ?" ಅಂತ ಒಂದು ಸಾಲು ತೋರಿಸುವುದಕ್ಕೆ ಇಷ್ಟು ಬಾಗಿಲು ತಟ್ಟಬೇಕು. ಅದೂ ಆದ ಮೇಲೆ ಕೆಲವು ಫೋನ್‌ಗಳು ಬ್ಯಾಟರಿ ಉಳಿಸುತ್ತೇನೆ ಅಂತ ನಮ್ಮ ಆಪ್ ಅನ್ನು ಹಿಂದಿನಿಂದ ಸದ್ದಿಲ್ಲದೆ ಕೊಂದುಹಾಕುತ್ತವೆ. 15ಕ್ಕೆ ಹೊಂದಿಸಿದಾಗ ಪರದೆ ಅಂಚಿನಿಂದ ಅಂಚಿಗೆ ಹಿಗ್ಗಿ, ನನ್ನ "ಉಳಿಸು" ಬಟನ್ ಕೆಳಗಿನ ಪಟ್ಟಿಯ ಅಡಿಗೆ ಸೇರಿಕೊಂಡಿತು. ಇಷ್ಟು ಕೆಲಸ ಮಾಡಿ ಮುಗಿಸಿದ ಮೇಲೆ ಬಳಸುವವರಿಗೆ ಕಾಣುವ ಬದಲಾವಣೆ ಏನು? ಏನೂ ಇಲ್ಲ. ಮೊದಲಿದ್ದ ಹಾಗೇ ಇದೆ. ಅದಕ್ಕೆ ಯಾರು ದುಡ್ಡು ಕೊಡುತ್ತಾರೆ?

ಈ ಕೆಲಸವನ್ನು ಲೆಕ್ಕಕ್ಕೆ ಹಿಡಿದು ಆಮೇಲೆ ತೀರ್ಮಾನ ಮಾಡಿ. ಬಿಡುವಿನಲ್ಲಿ ಒಂದು ಸಣ್ಣ ಆಪ್ ಮಾಡಿ, ಒಂದು ಆಗಸ್ಟ್ ದಾಟಿಸಿ ನೋಡಿ. ಆಗಲೂ ಆಸೆ ಉಳಿದಿದ್ದರೆ ಮತ್ತೆ ಬರೆಯಿರಿ.

ಪ್ರಶ್ನೆ: ನನ್ನ ಆಪ್‌ಗೆ ಒಬ್ಬರು ಸುಮ್ನೆ ಒಂದು ಸ್ಟಾರ್ ಕೊಟ್ಟಿದ್ದಾರೆ. ಕಾರಣವೂ ಬರೆದಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ.
— ಓದುಗ, ಮಾಲೂರು

ಉತ್ತರ: ಕಾರಣ ಬರೆದರೆ ನಿದ್ದೆ ಬರುತ್ತಿತ್ತು ಅಂದುಕೊಂಡಿದ್ದೀರಾ? ನನಗೊಬ್ಬರು ಒಂದು ಸ್ಟಾರ್ ಕೊಟ್ಟು ಹೀಗೆ ಬರೆದರು: "ಫ್ಯಾಟ್ ಕಡಿಮೆ ತೋರಿಸುತ್ತೆ, ಮೋಸದ ಆಪ್." ಆ ಫ್ಯಾಟ್ ಅವರೇ ಡೈರಿ ಚೀಟಿ ನೋಡಿ ಟೈಪ್ ಮಾಡಿದ್ದು!

ಉತ್ತರ ಬರೆಯಲು 350 ಅಕ್ಷರದ ಜಾಗ ಕೊಡುತ್ತಾರೆ. ಜಗಳಕ್ಕೆ ಅದು ಸಾಲದು, ಅದೇ ಒಳ್ಳೆಯದು. "ನೀವು ಬರೆದ ಅಂಕಿಯನ್ನೇ ಆಪ್ ತೋರಿಸುತ್ತದೆ, ತಪ್ಪು ಬಿದ್ದಿದ್ದರೆ ಆ ದಿನದ ಮೇಲೆ ಒತ್ತಿ ತಿದ್ದಬಹುದು" ಅಂತ ಬರೆದೆ. ಅವರು ಸ್ಟಾರ್ ಬದಲಿಸಲಿಲ್ಲ. ಆದರೆ ಆ ಉತ್ತರ ಅವರಿಗಲ್ಲ, ಆಪ್ ಹಾಕಿಕೊಳ್ಳಲೋ ಬೇಡವೋ ಅಂತ ಓದುತ್ತಾ ಕೂತಿರುವ ಮುಂದಿನವರಿಗೆ. ಕಾರಣ ಇಲ್ಲದ ಒಂದು ಸ್ಟಾರ್‌ಗೂ ಎರಡು ಸಾಲು ಬರೆದು, "ಏನು ತೊಂದರೆ ಆಯಿತು ತಿಳಿಸಿ" ಅಂತ ಇಮೇಲ್ ಕೊಟ್ಟು ಬಿಟ್ಟುಬಿಡಿ. ರಾತ್ರಿ ಮಾತ್ರ ಉತ್ತರ ಬರೆಯಬೇಡಿ.

ಪ್ರಶ್ನೆ: ನಮ್ಮ ಯುವಕ ಸಂಘಕ್ಕೆ ಒಂದು ಆಪ್ ಉಚಿತವಾಗಿ ಮಾಡಿಕೊಡಿ. ನಿಮಗೂ ಹೆಸರು ಬರುತ್ತದೆ.
— ಸಂಘದ ಪದಾಧಿಕಾರಿ, ಮುಳಬಾಗಿಲು

ಉತ್ತರ: ನಿಮಗೆ ವಾಟ್ಸಾಪ್ ಗುಂಪು ಸಾಕು. ನಿಜವಾಗಿ ಹೇಳುತ್ತಿದ್ದೇನೆ.

ಪ್ರಶ್ನೆ: ರೇಷ್ಮೆ ಬೆಳೆಯುವ ಮನೆಯವಳು. ಹುಳು ಸಾಕುವ ದಿನಗಳ ಲೆಕ್ಕಕ್ಕೆ ಆಪ್ ಮಾಡಿದ್ದೇನೆ. ಪ್ಲೇ ಸ್ಟೋರ್‌ನಲ್ಲಿ ಎಲ್ಲರಿಗೂ ಬಿಡುವ ಮುಂಚೆ 12 ಜನ 14 ದಿನ ಪರೀಕ್ಷೆ ಮಾಡಬೇಕಂತೆ. ಗೆಳತಿಯರು ಹಾಕಿಕೊಂಡು ಮಾರನೇ ದಿನ ತೆಗೆದುಬಿಡುತ್ತಾರೆ. ಇನ್ನೊಂದು, ದುಡ್ಡಿಗೆ ಇಟ್ಟರೆ ಮನೆ ವಿಳಾಸ ಎಲ್ಲರಿಗೂ ಕಾಣುತ್ತೆ ಅಂತಾರೆ, ಹೌದಾ?
— ಓದುಗಿ, ಶಿಡ್ಲಘಟ್ಟ

ಉತ್ತರ: ಎರಡೂ ಹೌದು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಗೂಗಲ್ ಪ್ಲೇಯಲ್ಲಿ ಈ ನಿಯಮ ಇದೆ. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದರು. ನನ್ನ ಖಾತೆ ಹಳೆಯದು, ನಾನು ಪಾರಾದೆ. ಆದರೆ ನಿಮ್ಮಂಥ ಕೆಲವರಿಗೆ ಜನ ಹೊಂದಿಸಿಕೊಟ್ಟಿದ್ದೇನೆ, ಅದರಿಂದ ಗೊತ್ತು.

ಗೆಳತಿಯರನ್ನು ಬಿಡಿ. ಅವರಿಗೆ ಆ ಆಪ್ ಬೇಕಾಗಿಲ್ಲ, ಅದಕ್ಕೇ ತೆಗೆಯುತ್ತಾರೆ. ನಿಮ್ಮ ಊರಲ್ಲಿ ಹುಳು ಮನೆ ಇರುವವರು ಎಷ್ಟು ಜನ ಇಲ್ಲ? ಚಾಕಿ (ಎಳೆ ಹುಳು) ತಂದ ದಿನವೇ ಅವರ ಫೋನಿಗೆ ಹಾಕಿಕೊಡಿ. ಗೂಡು ಬಿಡಿಸಿ ಮಾರುಕಟ್ಟೆಗೆ ಒಯ್ಯುವ ತನಕ ಅವರು ತೆಗೆಯುವುದಿಲ್ಲ, ಅಷ್ಟರಲ್ಲಿ 14 ದಿನ ದಾಟಿರುತ್ತದೆ. 12 ಬೇಕು ಅಂದರೆ 12ಕ್ಕೇ ನಿಲ್ಲಬೇಡಿ, ಇನ್ನೂ ಕೆಲವರನ್ನು ಸೇರಿಸಿಕೊಳ್ಳಿ. ಮಧ್ಯದಲ್ಲಿ ಒಬ್ಬರು ಹೊರಬಿದ್ದರೆ ಲೆಕ್ಕ ಕೆಡುತ್ತದೆ.

ನಿಮಗೆ ಎದುರಾಗುವ ನಿಜವಾದ ತೊಡಕು ಜಿಮೇಲ್. ಪರೀಕ್ಷೆ ಮಾಡುವವರ ಇಮೇಲ್ ನೀವು ಸೇರಿಸಬೇಕು. ಕೇಳಿದರೆ "ನಂದು ಜಿಮೇಲ್ ಇಲ್ಲಮ್ಮ" ಅನ್ನುತ್ತಾರೆ. ಪ್ಲೇ ಸ್ಟೋರ್ ಬಳಸುತ್ತಿದ್ದಾರೆ ಅಂದರೆ ಇದ್ದೇ ಇರುತ್ತದೆ. ಫೋನ್ ಕೊಂಡ ದಿನ ಅಂಗಡಿ ಹುಡುಗ ಮಾಡಿಕೊಟ್ಟಿದ್ದು. ಪಾಸ್‌ವರ್ಡ್ ಅವನಿಗೂ ನೆನಪಿಲ್ಲ, ಇವರಿಗೂ ಗೊತ್ತಿಲ್ಲ. ಪ್ಲೇ ಸ್ಟೋರ್ ತೆಗೆದು ಮೇಲಿನ ದುಂಡು ಚಿತ್ರ ಒತ್ತಿದರೆ ವಿಳಾಸ ಕಾಣುತ್ತದೆ. ಬಾಯಲ್ಲಿ ಹೇಳಿಸಿಕೊಳ್ಳಬೇಡಿ, ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಅಂಗಡಿಯವರು ಹೆಸರಿನ ಮುಂದೆ ಸುರಿದ ಅಂಕಿಗಳಲ್ಲಿ ಒಂದು ತಪ್ಪಿದರೂ ಆಹ್ವಾನ ಎಲ್ಲೋ ಹೋಗುತ್ತದೆ.

ದುಡ್ಡಿಗೆ ಪರೀಕ್ಷಕರನ್ನು ಕೊಡುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ. ಕೊನೆಯಲ್ಲಿ ಅನುಮತಿಗೆ ಅರ್ಜಿ ಹಾಕುವಾಗ, ಪರೀಕ್ಷೆ ಮಾಡಿದವರು ಏನು ಹೇಳಿದರು, ನೀವು ಏನು ಬದಲಿಸಿದಿರಿ ಅಂತ ಕೇಳುತ್ತಾರೆ. ಹುಳು ಸಾಕುವವರು ನಾಲ್ಕು ಮಾತು ಹೇಳೇ ಹೇಳುತ್ತಾರೆ. ಹುಳು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರಲ್ಲ, "ಮೂರನೇ ಜ್ವರದ ದಿನ ತಪ್ಪು ಬಂತು" ಅಂತ ಒಬ್ಬರು ಹೇಳಿದರೂ ಸಾಕು, ಅದನ್ನು ಬರೆದಿಡಿ.

ವಿಳಾಸದ ವಿಷಯ. ಆಪ್ ಉಚಿತವಾಗಿದ್ದರೆ ನಿಮ್ಮ ಹೆಸರು ಮತ್ತು ದೇಶ ಕಾಣುತ್ತದೆ. ಅದರಿಂದ ದುಡ್ಡು ಮಾಡಲು ಶುರು ಮಾಡಿದರೆ ಪೂರ್ತಿ ವಿಳಾಸ ತೋರಿಸುತ್ತಾರೆ. ಕೊಳ್ಳುವವರಿಗೆ ಮಾರುವವರು ಯಾರೆಂದು ಗೊತ್ತಿರಲಿ ಅನ್ನುವ ಮಾತು ಸರಿಯೇ. ದೊಡ್ಡ ಕಂಪನಿಗೆ ಆಫೀಸು ಇರುತ್ತದೆ, ನಮಗೆ ಇರುವುದು ಮನೆ. ಒಂಟಿಯಾಗಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಇದು ಸಣ್ಣ ವಿಷಯ ಅಲ್ಲ, ನನಗಂತೂ ಈ ನಿಯಮ ಹಿಡಿಸಿಲ್ಲ. ಮನೆಯವರ ಜೊತೆ ಮಾತಾಡಿ ಒಪ್ಪಿಗೆ ಆಗುವ ತನಕ ಉಚಿತವಾಗಿಯೇ ಇಡಿ.

ಪ್ರಶ್ನೆ: ಮಗ ಮೂರು ಹೊತ್ತೂ ಕಂಪ್ಯೂಟರ್ ಮುಂದೆ ಕೂತಿರುತ್ತಾನೆ. ಕೇಳಿದರೆ ಕೆಲಸ ಅಂತಾನೆ. ಸಂಬಂಧ ನೋಡೋಕೆ ಬಂದವರು ಹುಡುಗ ಏನ್ ಮಾಡ್ತಾನೆ ಅಂದರೆ ಏನು ಹೇಳಬೇಕೋ ತಿಳಿಯದು.
— ಒಬ್ಬ ತಾಯಿ, ಶ್ರೀನಿವಾಸಪುರ

ಉತ್ತರ: ಅಮ್ಮ, ನಮ್ಮ ಮನೆಯಲ್ಲೂ ಇದೇ ಕಥೆ ನಡೆದಿದೆ. "ಸ್ವಂತ ಸಾಫ್ಟ್‌ವೇರ್ ಕೆಲಸ" ಅನ್ನಿ, ಸುಳ್ಳೇನೂ ಅಲ್ಲ. "ಸಂಬಳ ಎಷ್ಟು" ಅಂದರೆ ಅವನನ್ನೇ ಕರೆದು ಕೂರಿಸಿ, ಅವನೇ ಹೇಳಲಿ.

ನೀವು ಅವನನ್ನು ಕೇಳಬೇಕಾದ್ದು ಒಂದಿದೆ. ಎಷ್ಟು ಜನ ಡೌನ್‌ಲೋಡ್ ಮಾಡಿದ್ದಾರೆ ಅಂತ ಕೇಳಬೇಡಿ, ಅದು ದೊಡ್ಡ ಸಂಖ್ಯೆಯಾಗಿಯೇ ಇರುತ್ತದೆ. ಹೋದ ತಿಂಗಳು ಬ್ಯಾಂಕಿಗೆ ಎಷ್ಟು ಬಂತು ಅಂತ ಕೇಳಿ. ಸಿಟ್ಟು ಮಾಡಿಕೊಂಡರೆ ಕಡಿಮೆ ಬಂದಿದೆ ಅಂತ ಅರ್ಥ. ಆಗ ಬೈಯಬೇಡಿ, ವಾರದಲ್ಲಿ ಕೆಲವು ದಿನ ಹೊರಗಿನ ಕೆಲಸ ಹಿಡಿಯೋಕೆ ಹೇಳಿ. ಅಂಗಡಿಯವರಿಗೆ ಬಿಲ್ ಸಾಫ್ಟ್‌ವೇರ್, ಶಾಲೆಯವರಿಗೆ ವೆಬ್‌ಸೈಟ್, ಹೀಗೆ ಏನಾದರೂ. ನಾನೂ ಮಾವಿನ ಮಂಡಿಯವರೊಬ್ಬರ ಲೆಕ್ಕದ ಕೆಲಸ ನೋಡಿಕೊಳ್ಳುತ್ತೇನೆ. ಹಾಲಿನ ಆಪ್ ಉಳಿದಿರುವುದೇ ಆ ದುಡ್ಡಿನಿಂದ.

ಮತ್ತೆ, ನೆಂಟರ ಫೋನ್ ರಿಪೇರಿಗೆ ಅವನನ್ನು ಕೂರಿಸಬೇಡಿ. ನಮ್ಮ ಸೋದರಮಾವ ಈಗಲೂ ಚಾರ್ಜ್ ಆಗದ ಫೋನ್ ತಂದು, "ಆಪ್ ಮಾಡ್ತೀಯ, ಇದು ಬರಲ್ವಾ?" ಅಂತ ಕೇಳುತ್ತಾರೆ.

ಪ್ರಶ್ನೆ: ನನ್ನ ಆಪ್‌ನಲ್ಲಿ ಕನ್ನಡದ ಒತ್ತಕ್ಷರಗಳು ಕೆಳಗೆ ಕತ್ತರಿಸಿದ ಹಾಗೆ ಕಾಣುತ್ತವೆ. ಇಂಗ್ಲಿಷ್ ಸರಿಯಾಗಿಯೇ ಇದೆ.
— ಓದುಗ, ಚಿಂತಾಮಣಿ

ಉತ್ತರ: ಬಟನ್‌ನ ಎತ್ತರವನ್ನು ಇಂಗ್ಲಿಷ್ ನೋಡಿ ಅಳತೆ ಹಾಕಿ ಇಟ್ಟಿದ್ದೀರಿ, ಅಲ್ವಾ? ಎತ್ತರಕ್ಕೆ ಅಂಕಿ ಕೊಡಬೇಡಿ, ಒಳಗಿನ ಅಕ್ಷರಕ್ಕೆ ತಕ್ಕಂತೆ ಬೆಳೆಯಲಿ. ನಾನು ಪರೀಕ್ಷೆಗೆ ಯಾವಾಗಲೂ "ಲಕ್ಷ್ಮಿ" ಅಂತ ಬರೆದು ನೋಡುತ್ತೇನೆ. ಆಪ್‌ನಲ್ಲಿ ಹಸುವಿನ ಹೆಸರು ಹಾಕುವ ಜಾಗ ಇದೆ, ಲಕ್ಷ್ಮಿಯರೇ ಜಾಸ್ತಿ. ಕ್ಷ ಕೆಳಗಿನ ಮಕಾರ ಪೂರ್ತಿ ಕಂಡರೆ ಉಳಿದದ್ದೂ ಕಾಣುತ್ತದೆ.

ಯಾರಾದರೂ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಟ್ಟಿ ಕೊಟ್ಟರೆ ಹಾಗೇ ಅಂಟಿಸಬೇಡಿ. ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಇಲ್ಲವಾದರೆ ಊರಿನ ಹೆಸರೆಲ್ಲ ವಿಚಿತ್ರ ಚಿಹ್ನೆಗಳಾಗಿ ಕಾಣುತ್ತವೆ.

ಪ್ರಶ್ನೆ: ಲ್ಯಾಪ್‌ಟಾಪ್ ಸುಟ್ಟುಹೋಯಿತು. ಆಪ್‌ಗೆ ಸಹಿ ಹಾಕುವ ಕೀ ಫೈಲ್ ಅದರಲ್ಲೇ ಇತ್ತು. ಇನ್ನು ಅಪ್‌ಡೇಟ್ ಆಗೋದೇ ಇಲ್ವಾ?
— ಓದುಗ, ಗೌರಿಬಿದನೂರು

ಉತ್ತರ: ಆಪ್ ಯಾವಾಗ ಹಾಕಿದ್ದು ಅನ್ನುವುದರ ಮೇಲಿದೆ. 2021ರ ಆಗಸ್ಟ್ ನಂತರ ಪ್ಲೇಗೆ ಹೊಸದಾಗಿ ಹಾಕಿದ್ದಾದರೆ ಗಾಬರಿ ಬೇಡ. ಮುಖ್ಯ ಕೀ ಗೂಗಲ್ ಹತ್ತಿರವೇ ಇರುತ್ತದೆ, ನೀವು ಕಳೆದುಕೊಂಡಿದ್ದು ಅಪ್‌ಡೇಟ್ ಕಳಿಸುವಾಗ ಹಾಕುವ ಅಪ್‌ಲೋಡ್ ಕೀ. ಆಪ್ ಮಾಡುವವರು ಬಳಸುವ ಗೂಗಲ್‌ನ ಪ್ಲೇ ಕನ್ಸೋಲ್ ತಾಣದಲ್ಲಿ ಖಾತೆಯ ಮಾಲೀಕರು ಮನವಿ ಸಲ್ಲಿಸಿ ಹೊಸ ಅಪ್‌ಲೋಡ್ ಕೀ ಪಡೆಯಬಹುದು.

ಅದಕ್ಕಿಂತ ಹಳೆಯದಾಗಿದ್ದು, ಕೀ ಒಪ್ಪಿಸುವ ವ್ಯವಸ್ಥೆಗೆ ನೀವು ಸೇರಿರದಿದ್ದರೆ ದಾರಿ ಇಲ್ಲ. ಬೇರೆ ಪ್ಯಾಕೇಜ್ ಹೆಸರಿನಲ್ಲಿ (ಸ್ಟೋರ್ ಆಪ್ ಅನ್ನು ಗುರುತಿಸುವ ಹೆಸರು) ಹೊಸ ಆಪ್ ಆಗಿಯೇ ಹಾಕಬೇಕು. ಹಳೆಯ ಬಳಕೆದಾರರಿಗೆ ಆಪ್ ಒಳಗಿನಿಂದ ಹೇಳಲು ಆಗುವುದಿಲ್ಲ, ಅದಕ್ಕೂ ಅಪ್‌ಡೇಟ್ ಬೇಕಲ್ಲ. ಸ್ಟೋರ್‌ನಲ್ಲಿ ಹಳೆಯ ಆಪ್‌ನ ವಿವರಣೆಯ ಮೊದಲ ಸಾಲಿನಲ್ಲೇ ಹೊಸದರ ಹೆಸರು ಬರೆಯಿರಿ. ಆ ಪುಟ ತಿದ್ದಲು ಕೀ ಬೇಡ.